ಡಬ್ಬಿ ಮುಟ್ಟದ ಸೋಮವಾರ

...ಅಥವಾ ಅವರು ಒಳಗೆ ಬಂದೇ ಇರಲಿಲ್ಲವೋ ಏನೋ. ಗೋಡೆಯ ಆಚೆಯಿಂದಲೇ ಹೇಳಿ ಹೋಗಿದ್ದರೇನೋ. ನನ್ನ ನೆನಪಿನಲ್ಲಿ ಮಾತ್ರ ಪಕ್ಕದ ಮನೆಯ ಅಕ್ಕ ನಮ್ಮ ಅಡುಗೆಮನೆಯ ಹೊಸಿಲ ಮೇಲೆ ನಿಂತಿದ್ದಾರೆ. ಹೊಸಿಲ ಮೇಲೆ ನಿಲ್ಲಬಾರದು ಎಂದು ನಮಗೆಲ್ಲ ಗದರುತ್ತಿದ್ದವರು ಅವರೇ. ಆದ್ದರಿಂದ ಈ ಚಿತ್ರವನ್ನು ಪೂರ್ತಿ ನಂಬುವ ಹಾಗಿಲ್ಲ. ನಂಬದೆ ಬರೆಯುವುದು ಹೇಗೆ ಎಂಬುದೂ ನನಗೆ ತಿಳಿಯದು.

ಇವತ್ತು ಬೆಳಿಗ್ಗೆ ಶಿವಮೊಗ್ಗೆಯ ಸವಳಂಗ ರಸ್ತೆಯ ಬೇಕರಿಯ ಮುಂದೆ ನಿಂತಿದ್ದೆ. ಏನನ್ನೂ ಕೊಳ್ಳಲಿಕ್ಕಲ್ಲ, ಮಂಡಿ ನೋವಿಗೆ ಸ್ವಲ್ಪ ಹೊತ್ತು ನಿಂತದ್ದು, ಅಷ್ಟೆ. ಒಳಗಿನಿಂದ ಕಾದ ವನಸ್ಪತಿಯ ವಾಸನೆ ಬಂತು. ತುಪ್ಪದಂತಿದ್ದೂ ತುಪ್ಪವಲ್ಲದ, ಮೂಗಿಗಿಂತ ಹೆಚ್ಚಾಗಿ ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಅದರ ಹಿಂದೆಯೇ ಭದ್ರಾವತಿಯ ಆ ಕ್ವಾರ್ಟರ್ಸ್ ಸಾಲು, ಹಿತ್ತಲ ಗಿಡ್ಡ ಗೋಡೆಗಳು, ಗೋಡೆಯ ಮೇಲೆ ಇಟ್ಟ ಬಟ್ಟಲುಗಳು... ಬಟ್ಟಲುಗಳ ಹಿಂದೆ ಅಕ್ಕ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಪಕ್ಕದ ಮನೆಯವರು ಕುಲುಮೆಯ ಕಡೆ ಕೆಲಸಕ್ಕಿದ್ದರು. ಅವರ ಹೆಂಡತಿ ಇಡೀ ಸಾಲಿಗೆ ಅಕ್ಕ, ಆದ್ದರಿಂದ ಅವರು ಇಡೀ ಸಾಲಿಗೆ ಭಾವ. ಅವರಿಗೆ ಮಕ್ಕಳಿರಲಿಲ್ಲ. ಅಕ್ಕನ ತವರು ಆಯನೂರಿನ ಆಚೆ ಎಲ್ಲೋ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅಂಗೈಯಲ್ಲಿ ಸದಾ ಏನಾದರೊಂದು ಹಿಟ್ಟು. ಮುಖ ನೆನಪಿಲ್ಲ. ಮುಖವೆಂದು ನಾನು ಈಗ ಕಾಣುವುದು ಆಮೇಲೆ ಎಲ್ಲೋ ನೋಡಿದ ಬೇರೆ ಯಾರದೋ ಮುಖ ಇರಬೇಕು.

ಆ ಸಾಲಿನಲ್ಲಿ ಆಗ ವನಸ್ಪತಿ ಡಬ್ಬಿ ಎಂದರೆ ಒಂದು ಅಂತಸ್ತು. ಡಬ್ಬಿಯನ್ನು ಹೊರಗಿನವರ ಕಣ್ಣಿಗೆ ಬೀಳುವ ಹಾಗೆ ಶೆಲ್ಫಿನಲ್ಲಿ ಇಡುತ್ತಿದ್ದರು. ಖಾಲಿಯಾದ ಡಬ್ಬಿಯಲ್ಲಿ ಬೇಳೆ. ಅದೂ ತುಕ್ಕು ಹಿಡಿದರೆ ತುಳಸಿ ಗಿಡ. ಬಿಸ್ಕತ್ತಿನ ತಗಡಿನ ಡಬ್ಬಿಗೆ ಇನ್ನೂ ಹೆಚ್ಚಿನ ಗೌರವ. ಬೆಲ್ಲದ ಕಾಫಿ ಕೊಟ್ಟರೆ ನೆಂಟರು ಬೇಸರಪಟ್ಟುಕೊಳ್ಳುತ್ತಿದ್ದರು. ಗಿರಣಿಯಲ್ಲಿ ಮಲ್ಲಿಗೆಯಷ್ಟು ಬೆಳ್ಳಗೆ ಪಾಲಿಶ್ ಮಾಡಿಸಿದ ಅಕ್ಕಿ, ಬಿಳಿ ಸಕ್ಕರೆ, ಶಿವಮೊಗ್ಗೆಯಿಂದ ತರಿಸಿದ ಬ್ರೆಡ್ಡು... ಬಿಳಿಯದೆಲ್ಲ ಒಳ್ಳೆಯದು ಎಂದು ಅಮ್ಮನೂ ನಂಬಿದ್ದಳು. ಅವಳನ್ನು ನೋಡಿ ನಗಬೇಡಿ. ಅವಳು ಹುಡುಗಿಯಾಗಿದ್ದಾಗ ಒನಕೆ ಹಿಡಿದು ಭತ್ತ ಕುಟ್ಟಿ ಕುಟ್ಟಿ ಅಂಗೈ ಒಡೆದುಕೊಂಡವಳು. ಡಬ್ಬಿ ಎಂದರೆ ಅವಳಿಗೆ ಬಿಡುವು.

ಮತ್ತೆ, ಬಟ್ಟಲುಗಳು. ಒಂದು ಮನೆಯಲ್ಲಿ ಏನು ಕರಿದರೂ ಒಂದು ಬಟ್ಟಲು ಗೋಡೆ ದಾಟಬೇಕು. ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು. ಬೇಡ ಎನ್ನುವುದಂತೂ ಇಲ್ಲವೇ ಇಲ್ಲ. ಬೇಡ ಎಂದರೆ ಜಗಳವಾಯಿತೆಂದೇ ಅರ್ಥ. ಭಾವ ಪಾಳಿ ಮುಗಿಸಿ ಮೈಮೇಲೆಲ್ಲ ಕೆಂಪು ಧೂಳು ಹೊತ್ತು ಬರುವ ಹೊತ್ತಿಗೆ ಅವರ ಮನೆಯ ಕಟ್ಟೆಯ ಮೇಲೆ ನಮ್ಮ ಬೋಂಡ, ಎದುರು ಮನೆಯ ತಮಿಳಮ್ಮನ ವಡೆ, ಯಾರದೋ ಪೂರಿ ಸಾಲಾಗಿ ಕಾಯುತ್ತಿದ್ದವು. ಭಾವ ಎಲ್ಲವನ್ನೂ ತಿನ್ನುತ್ತಿದ್ದರು. ತಿಂದು ಹಿತ್ತಲಲ್ಲಿ ಎದೆ ನೀವಿಕೊಳ್ಳುತ್ತ ಅಡ್ಡಾಡುತ್ತಿದ್ದರು. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಆಮೇಲೆ ಗೊತ್ತಾದದ್ದರಿಂದ ಈಗ ಸೇರಿಸಿಕೊಂಡೆನೋ ಹೇಳಲಾರೆ.

ಒಂದು ದಿನ ಅಕ್ಕ ನಲ್ಲಿಯ ಹತ್ತಿರ ವ್ರತದ ಸುದ್ದಿ ಎತ್ತಿದರು. ಅವರ ತವರಿನ ಕಡೆ ಶಿವನ ಗುಡಿಯೊಂದಿದೆ. ಅಲ್ಲಿಯ ಒಕ್ಕಲಿನವರು ಸೋಮವಾರ ಡಬ್ಬಿ, ಪೊಟ್ಟಣ ಮುಟ್ಟುವುದಿಲ್ಲ. ಮನೆಯವರ ಆಯಸ್ಸಿಗೆ ಒಳ್ಳೆಯದು.

ತಮಿಳಮ್ಮ ಕೊಡ ತುಂಬಿಸುತ್ತ ನಕ್ಕರು. "ಅದೇನಕ್ಕಾ, ಸ್ವಾಮಿಗೆ ಡಬ್ಬಿ ವಿಷ್ಯ ಯಾರು ಹೇಳಿದ್ದು? ಅವ್ರ ಕಾಲ್ದಲ್ಲಿ ಡಬ್ಬಿ ಇತ್ತಾ?"

"ಸ್ವಾಮಿಗೆ ಗೊತ್ತಿಲ್ಲದ್ದು ಏನಿದೆ ಮಾರಾಯ್ತಿ?" ಅಂದರು ಅಕ್ಕ. "ಮೊದ್ಲು ಇದ್ದದ್ದು, ಮಾಡಿದ ಕೈ ಕಣ್ಣಿಗೆ ಕಾಣದೇ ಇರೋದನ್ನ ತಿನ್ಬಾರ್ದು ಅಂತ. ಈಗ ಅದು ಡಬ್ಬೀಲಿ ಬರುತ್ತೆ, ಅಷ್ಟೆ."

"ಹಂಗಾದ್ರೆ ಮಂಡಕ್ಕಿ? ಅದೂ ಅಂಗಡೀದೇ ಅಲ್ವಾ?"

"ಭಟ್ಟಿ ಕಾಣುತ್ತಲ್ಲ, ಹುರಿಯೋನೂ ಕಾಣ್ತಾನೆ. ನಡೆಯುತ್ತೆ."

"ಎಣ್ಣೆ?"

"ಗಾಣದ ಹತ್ರ ನಿಂತು ತಗೊಂಡ್ರೆ ನಡೆಯುತ್ತೆ. ಗಾಣದವನು ಬಯ್ಯೋದೂ ಕೇಳುತ್ತೆ ನಿಂಗೆ, ಸಾಕಾ?"

ಎಲ್ಲರೂ ನಕ್ಕರು. ನಗುತ್ತಲೇ ಒಪ್ಪಿಕೊಂಡರು. ಒಂದೇ ದಿನವಲ್ಲವೇ? ಆಯಸ್ಸಿನ ಮಾತು ಬೇರೆ. ವಾರಪೂರ್ತಿ ಬಿಡಿ ಎಂದಿದ್ದರೆ ಅಕ್ಕನನ್ನು ಯಾರೂ ಕೇಳುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು ಎಂದು ಕಾಣುತ್ತದೆ.

ಮೊದಲ ಸೋಮವಾರಗಳು ತಮಾಷೆಯವು. ಡಬ್ಬಿಯನ್ನು ಸೋಮವಾರ ಮುಟ್ಟಬಾರದು ತಾನೇ? ನಮ್ಮಮ್ಮ, ತಮಿಳಮ್ಮ ಇಬ್ಬರೂ ಭಾನುವಾರ ಸಂಜೆಯೇ ಅದೇ ವನಸ್ಪತಿಯಲ್ಲಿ ಪೂರಿ, ಶಂಕರಪೋಳಿ ಕರಿದು ಮುಚ್ಚಿಟ್ಟರು. ಸೋಮವಾರ ಡಬ್ಬಿಯ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟು, ಅದನ್ನು ಮುಟ್ಟದೆ, ನಿನ್ನೆಯ ಪೂರಿ ತಿಂದರು. ಅಪ್ಪ ಚಪ್ಪಲಿ ಮೆಟ್ಟುತ್ತ, "ಭಾನುವಾರ ಬೋಂಡ, ಸೋಮವಾರ ಭಕ್ತಿ" ಎಂದು ಹೇಳಿಕೊಂಡು ಆಫೀಸಿಗೆ ಹೋದರು. ಗೋಡೆಯ ಮೇಲಿನ ಬಟ್ಟಲಿನಲ್ಲಿ ಪೂರಿ ನೋಡಿದ ಅಕ್ಕ ನಗುವುದೋ ಅಳುವುದೋ ತಿಳಿಯದೆ, "ಅಯ್ಯೋ ಮಾರಾಯ್ತೀರಾ, ಮುಟ್ಟಬಾರ್ದು ಅಂದ್ರೆ ತಿನ್ಲೂಬಾರ್ದು" ಎಂದು ಮನೆ ಮನೆಗೆ ಹೋಗಿ ತಿದ್ದಿದರು.

ನಿಧಾನವಾಗಿ ಅದು ಕೂಡಿಕೊಂಡಿತು. ಸೋಮವಾರ ಬೆಳಿಗ್ಗೆ ಅವಲಕ್ಕಿಗೆ ಕಾಯಿತುರಿ, ಬೆಲ್ಲ. ಮಧ್ಯಾಹ್ನ ಹುರುಳಿ ಸಾರು. ಮಕ್ಕಳು ಶಾಲೆಯಿಂದ ಬಂದರೆ ಬಿಸ್ಕತ್ತಿನ ಬದಲು ಹುರಿಗಡಲೆ ಅಥವಾ ಬೇಯಿಸಿದ ಗೆಣಸು. ರಾತ್ರಿಗೆ ಅಕ್ಕಿ ರೊಟ್ಟಿ. ಗಿರಣಿಯವನಿಗೆ, "ಪೂರ್ತಿ ಬೆಳ್ಳಗೆ ಮಾಡ್ಬೇಡಪ್ಪ, ಕೆಂಪು ಸ್ವಲ್ಪ ಇರ್ಲಿ" ಎಂದು ಹೇಳುವುದನ್ನು ಅಮ್ಮನಿಗೆ ಕಲಿಸಿದ್ದು ಅಕ್ಕನೇ. ಕುಟ್ಟುವ ಕಷ್ಟವಿಲ್ಲದೆ ಕುಟ್ಟಿದ ಅಕ್ಕಿಯ ಹತ್ತಿರಕ್ಕೆ ಬರುವ ಉಪಾಯ ಅದು. ಸೋಮವಾರಕ್ಕೆಂದು ತಂದ ಗಾಣದ ಎಣ್ಣೆ, ಸೋಮವಾರಕ್ಕೆಂದು ತಂದ ಅಕ್ಕಿ, ಬೆಲ್ಲ ಉಳಿಯುತ್ತಿದ್ದವಲ್ಲ, ಅವು ಮಂಗಳವಾರವೂ ಒಲೆಯ ಹತ್ತಿರವೇ ಇರುತ್ತಿದ್ದವು. ಕೈಗೆ ಸಿಕ್ಕಿದ್ದನ್ನೇ ಬಳಸುವುದು ಅಡುಗೆಮನೆಯ ಅಭ್ಯಾಸ. ಹೀಗೆ ವ್ರತ ತನ್ನ ದಿನವನ್ನು ದಾಟಿ ಒಂದಿಷ್ಟು ಹರಡಿತು.

ಅಪ್ಪ ಮಾತ್ರ ಗೋಡೆಯ ಮೇಲಿಂದ ಅಕ್ಕನನ್ನು ಕೆಣಕುತ್ತಿದ್ದರು. "ಕಬ್ಬಿಣದ ಕಾರ್ಖಾನೆ ಅನ್ನ ತಿನ್ಕೊಂಡು ತುಪ್ಪದ ಕಾರ್ಖಾನೆ ಬೇಡ ಅಂದ್ರೆ ಹೇಗಮ್ಮ?"

"ಕಬ್ಬಿಣ ನೀವು ತಿನ್ನಲ್ವಲ್ಲ ಅಣ್ಣ," ಅಂದರು ಅಕ್ಕ.

ಇಲ್ಲಿಯವರೆಗೆ ಎಲ್ಲವೂ ಸರಾಗ. ಇಷ್ಟು ಸರಾಗವಾಗಿ ಬರುವ ನೆನಪನ್ನು ನಾನು ಅನುಮಾನದಿಂದ ನೋಡುತ್ತೇನೆ. ಯಾವುದೋ ಸೋಮವಾರ ಜಗಳವಾಗಿರಬೇಕು, ಯಾರೋ ಕದ್ದು ತಿಂದಿರಬೇಕು, ಯಾರಿಗೋ ಬೇಜಾರಾಗಿರಬೇಕು. ಅವೆಲ್ಲ ಎಲ್ಲಿ ಹೋದವು? ಉಳಿದದ್ದು ಒಂದೇ ಒಂದು ತಪ್ಪು, ಅಮ್ಮನದು.

ಅಪ್ಪ ಆಫೀಸಿನ ಕೆಲಸದ ಮೇಲೆ ಶಿವಮೊಗ್ಗೆಗೆ ಹೋದವರು ಬನ್ನು ತಂದಿದ್ದರು. ಸೋಮವಾರ. ನನ್ನ ತಮ್ಮನಿಗೆ ಆಗ ಇನ್ನೂ ಶಾಲೆಯ ವಯಸ್ಸಲ್ಲ. ಅವನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಅಮ್ಮ ಬಾಗಿಲು ಹಾಕಿ ಒಂದು ಬನ್ನು ಕೊಟ್ಟಳು. ಮರುದಿನ ಅವನಿಗೆ ಜ್ವರ ಬಂತು.

ಜ್ವರ ಎಲ್ಲ ಮಕ್ಕಳಿಗೂ ಬರುತ್ತದೆ. ಅದು ಇಳಿಯಲಿಲ್ಲ. ಅಪ್ಪ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ತೋರಿಸಿ, ಸೀಸೆಯಲ್ಲಿ ಕೆಂಪು ಔಷಧಿ ತಂದು ಅಮ್ಮನ ಕೈಗೆ ಕೊಟ್ಟು ಕೆಲಸಕ್ಕೆ ಹೋದರು. ಅಮ್ಮ ಅರಿಸಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದೆ ಇಟ್ಟಳು. ಸೀಸೆಯನ್ನು ಶೆಲ್ಫಿನಲ್ಲಿ, ವನಸ್ಪತಿ ಡಬ್ಬಿಯ ಪಕ್ಕದಲ್ಲಿ ಇಟ್ಟಳು. ಅಪ್ಪ ಬಂದು ಕೇಳಿದರೆ, "ಕೊಟ್ಟೆ" ಎನ್ನುತ್ತಿದ್ದಳು. ಕೊಡುತ್ತಿರಲಿಲ್ಲ. ತಮ್ಮನ ತುಟಿ ಒಣಗಿ ಬಿರಿದಿತ್ತು. ಗಂಜಿ ಕೊಟ್ಟರೂ ನುಂಗುತ್ತಿರಲಿಲ್ಲ. ಅವನು ಉಸಿರಾಡುವುದು ಪಕ್ಕದ ಕೋಣೆಗೆ ಕೇಳುತ್ತಿತ್ತು.

ಮಧ್ಯಾಹ್ನ ಅಕ್ಕ ನೋಡಲು ಬಂದರು. ಬಂದರೆಂದೇ ಇಟ್ಟುಕೊಳ್ಳೋಣ. ನಾನು ಮೂಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಅವರ ಕಣ್ಣು ಶೆಲ್ಫಿನ ಮೇಲೆ ಹೋಯಿತು.

"ಸೀಸೆ ತುಂಬಿದ ಹಾಗೇ ಇದೆಯಲ್ಲೇ! ಔಷಧಿ ಹಾಕಿಲ್ವಾ ಮಗೂಗೆ?"

ಅಮ್ಮ ತಲೆ ಎತ್ತಲಿಲ್ಲ. "ಅದನ್ನ ಯಾರು ಮಾಡಿದ್ದೋ, ಎಲ್ಲಿ ಮಾಡಿದ್ದೋ ಅಕ್ಕಾ. ಕೈ ಕಾಣಲ್ಲ. ಒಂದು ಸಲ ತಪ್ಪಿದ್ದಕ್ಕೇ ಹಿಂಗಾಗಿದೆ. ಇನ್ನೊಂದು ಸಲ ತಪ್ಪಿದ್ರೆ ಸ್ವಾಮಿ ಬಿಡ್ತಾನಾ?"

"ಏನು ತಪ್ಪಿದ್ದು?"

"ಬನ್ನು ಕೊಟ್ಬಿಟ್ಟೆ. ಸೋಮವಾರ."

ಅಕ್ಕ ಹೊಸಿಲ ಮೇಲೆ ನಿಂತಿದ್ದರು ಎಂದು ನಾನು ಹೇಳುವುದು ಈ ಹೊತ್ತನ್ನೇ. ಆಮೇಲೆ ಅವರು ಹೇಳಿದ ಮಾತನ್ನು ಹೇಳಿದಂತೆಯೇ ಕೊಡಲಾರೆ. ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ಅದು ಸವೆದು ನುಣುಪಾಗಿದೆ.

"ಅಂಥಾ ವ್ರತಾನೇ ಇಲ್ಲ ಕಣೇ. ನಾನು ಕಟ್ಟಿದ್ದು ಅದು. ಸ್ವಾಮೀನೂ ಇಲ್ಲ, ಗುಡೀನೂ ಇಲ್ಲ. ಕೊಡು ಔಷಧಿ ಮೊದ್ಲು."

"ನನ್ನ ಸಮಾಧಾನಕ್ಕೆ ಹೇಳ್ತೀರಿ ನೀವು."

"ಸಮಾಧಾನ ಅಲ್ಲ. ನಿಮ್ಮ ಭಾವಂಗೆ ಎದೆ ಸರಿಯಿಲ್ಲ. ಜಿಡ್ಡು, ಕರಿದದ್ದು ಬಿಡ್ಬೇಕು ಅಂತ ಡಾಕ್ಟ್ರು ಹೇಳಿದಾರೆ. ನಮ್ಮನೆ ಬಾಣಲೆ ನಾನು ಕವುಚಿ ಹಾಕ್ಬೋದು. ಗೋಡೆ ಮೇಲೆ ಬರೋ ಬಟ್ಟಲಿಗೆ ಏನ್ ಮಾಡ್ಲಿ? ಬೇಡ ಅಂದ್ರೆ ನಿಮಗೆಲ್ಲ ಬೇಜಾರು. ಕಾಯಿಲೆ ಅಂತ ಬಾಯಿ ಬಿಟ್ರೆ ಕುಲುಮೆ ಕೆಲ್ಸ ಹೋಗುತ್ತೆ, ಮನೆ ಖಾಲಿ ಮಾಡು ಅಂತಾರೆ. ಸೋಮವಾರ ಒಂದು ದಿನ ನಿಂತ್ರೆ ಮೆಲ್ಲಗೆ ಉಳಿದ ದಿನಾನೂ ನಿಲ್ಲುತ್ತೆ ಅಂದ್ಕೊಂಡೆ."

ಅಮ್ಮ ಅವರನ್ನೇ ನೋಡುತ್ತಿದ್ದಳು. ನಂಬಿದ ಹಾಗೆ ಕಾಣಲಿಲ್ಲ. ಆಗ ಅಕ್ಕ ನಮ್ಮ ಶೆಲ್ಫಿನಿಂದ ವನಸ್ಪತಿ ಡಬ್ಬಿ ಇಳಿಸಿದರು. ಡಬ್ಬಿಯ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿದರು. ಮುಚ್ಚಳ ತೆಗೆದು, ಬೆರಳಲ್ಲಿ ಒಂದಿಷ್ಟು ವನಸ್ಪತಿ ತೆಗೆದು, ನಮ್ಮೆದುರಿಗೇ ನಾಲಿಗೆಗೆ ಹಚ್ಚಿಕೊಂಡರು. ಕೊರಳ ಲಿಂಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

"ನೋಡು. ನಂಗೇನಾದ್ರೂ ಆಯ್ತಾ?"

ಅಂದು ಸೋಮವಾರವಾಗಿತ್ತು ಎಂದು ನನ್ನ ನೆನಪು ಒತ್ತಾಯಿಸುತ್ತದೆ. ಲೆಕ್ಕ ಹಾಕಿದರೆ ಆಗಿರಲಾರದು. ಜ್ವರ ಮುಂದಿನ ಸೋಮವಾರದವರೆಗೆ ಇರಲಿಲ್ಲ. ಆದರೂ ಅದು ಸೋಮವಾರವಲ್ಲದಿದ್ದರೆ ಆ ಬೆರಳಿಗೆ ಅರ್ಥವೇ ಇಲ್ಲ. ನೆನಪು ತನಗೆ ಬೇಕಾದ ವಾರವನ್ನು ತಾನೇ ಆರಿಸಿಕೊಳ್ಳುತ್ತದೆ.

ಅಮ್ಮ ಸೀಸೆ ಇಳಿಸಿ, ತಮ್ಮನ ಮೂಗು ಹಿಡಿದು ಔಷಧಿ ಕುಡಿಸಿದಳು. ಜ್ವರ ಇಳಿಯಿತು. ತಮ್ಮ ಈಗ ಮುದುಕನಾಗಿ ಭದ್ರಾವತಿಯಲ್ಲೇ ಇದ್ದಾನೆ. ಇದೆಲ್ಲ ನಡೆದೇ ಇಲ್ಲ ಎನ್ನುತ್ತಾನೆ. "ನಂಗೆ ಬಂದಿದ್ದು ದಡಾರ ಕಣೇ, ಅದಕ್ಕೆ ಔಷಧಿ ಕೊಡ್ಲಿಲ್ಲ. ಅಕ್ಕ ಬಂದು ಅಮ್ಮಂಗೆ ಬೈದ್ರಂತೆ. ಡಬ್ಬಿ ಗಿಬ್ಬಿ ಎಲ್ಲಾ ನಿನ್ನ ಕಥೆ." ಇರಬಹುದು.

ಆಮೇಲೆ ಆದದ್ದು ಮಾತ್ರ ನನ್ನ ಕಥೆಯಲ್ಲ. ಮಾತು ಹೇಗೆ ಹರಡಿತೋ ಗೊತ್ತಿಲ್ಲ. ಅಮ್ಮ ತಾನು ಹೇಳಲಿಲ್ಲ ಎಂದು ಕೊನೆಯವರೆಗೂ ಆಣೆ ಮಾಡುತ್ತಿದ್ದಳು. ಹಿತ್ತಲಿನಿಂದ ಹಿತ್ತಲಿಗೆ ಎಲ್ಲ ಕೇಳಿಸುವ ಮನೆಗಳು ಅವು. ನಲ್ಲಿಯ ಹತ್ತಿರ ತಮಿಳಮ್ಮ ಕೇಳಿದರು, "ಶಿವನ್ ಹೆಸ್ರಲ್ಲಿ ಸುಳ್ಳಾ ಅಕ್ಕಾ? ನಾನು ಮನೆಯೋರ ಆಯಸ್ಸಿಗೆ ಅಂತ ಮಾಡಿದ್ನಲ್ಲ."

ಅಕ್ಕನ ಕೊಡ ತುಂಬಿತ್ತು. ಎತ್ತಿಕೊಂಡು ಹೋದರು.

ಬಟ್ಟಲುಗಳು ನಿಂತವು. ಯಾವ ಮನೆಯಿಂದಲೂ, ಯಾವ ದಿನವೂ, ಅಕ್ಕನ ಗೋಡೆಯ ಮೇಲೆ ಒಂದು ಬಟ್ಟಲೂ ಬರಲಿಲ್ಲ. ಅಕ್ಕನಿಗೆ ಬೇಕಾಗಿದ್ದುದು ಅದೇ ಅಲ್ಲವೇ ಎಂದು ಒಂದು ದಿನ ಅಪ್ಪ ಊಟದ ಮಧ್ಯೆ ಅಂದರು. ಅಮ್ಮ ಬಡಿಸುವುದನ್ನು ನಿಲ್ಲಿಸಿ ಎದ್ದು ಹೋದಳು. ಉಳಿದ ಮನೆಗಳ ನಡುವೆ ಬೋಂಡ, ವಡೆ ಮೊದಲಿನಂತೆಯೇ ಓಡಾಡಿದವು. ಸೋಮವಾರವೂ.

ಕಾಯಿಲೆಯ ಸುದ್ದಿ ಕಾರ್ಖಾನೆಗೂ ಮುಟ್ಟಿತು. ಭಾವನನ್ನು ಕುಲುಮೆಯಿಂದ ತೆಗೆದು ಗೇಟಿನ ಕೆಲಸಕ್ಕೆ ಹಾಕಿದರು. ಅದು ಹಗುರವಾದ ಕೆಲಸ ಎಂದು ಎಲ್ಲರೂ ಹೇಳಿದರು. ಅವರು ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು, ಕೆಂಪು ಧೂಳು ಮೆತ್ತಿದ ತಮ್ಮ ಜೊತೆಯವರು ಹೊರಗೆ ಬರುವುದನ್ನು ನೋಡುತ್ತಿದ್ದರು. ಅವರ ಬಟ್ಟೆ ಈಗ ಶುಭ್ರವಾಗಿರುತ್ತಿತ್ತು. ಅದನ್ನು ಒಗೆಯಲು ಅಕ್ಕನಿಗೆ ಕಷ್ಟವಾಗುತ್ತಿರಲಿಲ್ಲ ಎಂದು ಬರೆಯಲು ಹೊರಟೆ... ಏನೂ ಗೊತ್ತಿಲ್ಲದೆ ಬರೆಯುವ ಮಾತು ಇದು.

ಒಂದು ಸೋಮವಾರ ಅಮ್ಮ ಹಬೆಯಲ್ಲಿ ಬೇಯಿಸಿದ ಕಡುಬು ಮಾಡಿದಳು. ಒಂದು ಹನಿ ಎಣ್ಣೆಯಿಲ್ಲ. ಬಟ್ಟಲಿಗೆ ಹಾಕಿ ಗೋಡೆಯ ಮೇಲಿಟ್ಟು, ಕೂಗದೆ ಒಳಗೆ ಬಂದಳು. ಸಂಜೆ ತೊಳೆದ ಬಟ್ಟಲು ಹಿಂದಿರುಗಿತ್ತು. ಅದರಲ್ಲಿ ಒಂದು ಉಂಡೆ ಬೆಲ್ಲ. ಇಬ್ಬರೂ ಮಾತಾಡಲಿಲ್ಲ. ಮುಂದಿನ ಸೋಮವಾರವೂ ಕಡುಬು ಹೋಯಿತು. ಹೀಗೆ ಎಷ್ಟು ಕಾಲ ನಡೆಯಿತೋ. ನಾನು ಒಂದು ದಿನ ಶಾಲೆಯಿಂದ ಬಂದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಭಾವನ ಕಡೆಯ ಊರಿಗೆ ಹೋದರು ಎಂದರು. ಯಾವ ಊರು ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಸೋಮವಾರದ ನಮ್ಮ ಬಟ್ಟಲನ್ನು ಮಾತ್ರ ಗೋಡೆಯ ಮೇಲೆ ಕವುಚಿಟ್ಟಿದ್ದರು.

ಅಮ್ಮ ಸಾಯುವವರೆಗೂ ಸೋಮವಾರ ಡಬ್ಬಿ ಮುಟ್ಟಲಿಲ್ಲ. ಪ್ಲಾಸ್ಟಿಕ್ ಪ್ಯಾಕೆಟ್ಟುಗಳ ಕಾಲ ಬಂದ ಮೇಲೆ ಅವನ್ನೂ ಮುಟ್ಟಲಿಲ್ಲ. "ಸುಳ್ಳು ವ್ರತ ಅಂತ ಅಕ್ಕನೇ ಹೇಳಿದ್ರಲ್ಲಮ್ಮ," ಎಂದು ನಾನು ಒಮ್ಮೆ ಕೆಣಕಿದೆ.

"ಮಗು ಹಾಗೆ ಮಲಗಿರೋವಾಗ ನಾನಾಗಿದ್ರೂ ಹಾಗೇ ಹೇಳ್ತಿದ್ದೆ," ಅಂದಳು ಅಮ್ಮ. "ಅವ್ರು ಸುಳ್ಳು ಹೇಳಿದ್ದು ನಲ್ಲಿ ಹತ್ರಾನೋ, ನಮ್ಮ ಅಡುಗೆಮನೇಲೋ, ನಂಗಂತೂ ಗೊತ್ತಾಗ್ಲಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಅಂಥ ವ್ರತ ನಿಜವಾಗಿಯೂ ಇದ್ದಿದ್ದರೆ? ಇದ್ದ ವ್ರತವನ್ನು ಇಲ್ಲವೆಂದು, ಲಿಂಗ ಹಿಡಿದುಕೊಂಡು ಹೇಳಿದ್ದರೆ? ಯಾವುದೋ ಮದುವೆಗೆ ಹೋದವಳು ಆಯನೂರಿನ ಆಚೆ ಬಸ್ಸಿಳಿದು, ಜಗಲಿಯ ಮೇಲೆ ಕೂತ ಒಬ್ಬ ಅಜ್ಜಿಯನ್ನು ಕೇಳಿದೆ. ಅವರು ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡರು.

"ನಮ್ಮತ್ತೆ ಸೋಮವಾರ ಪೇಟೆ ಸಾಮಾನು ಮುಟ್ತಿರ್ಲಿಲ್ಲ. ಭಕ್ತಿಗೋ, ತರೋಕೆ ಕೈಯಲ್ಲಿ ಏನೂ ಇರ್ಲಿಲ್ಲ ಅಂತ್ಲೋ, ಯಾರಿಗ್ಗೊತ್ತು ಮಾರಾಯ್ತಿ."

ನಿನ್ನೆ ರಾತ್ರಿ ಊಟದ ಹೊತ್ತಿಗೆ ಮಗಳು ಫೋನಿನಲ್ಲಿ ಏನೋ ಓದಿ, ಇನ್ನು ಮೇಲೆ ವಾರದಲ್ಲಿ ಒಂದು ದಿನ ಮನೆಯಲ್ಲಿ ಪ್ಯಾಕೆಟ್ ಒಡೆಯುವುದು ಬೇಡ, ಅಷ್ಟರಿಂದ ಶುರು ಮಾಡೋಣ ಎಂದಳು. ಹೊಸ ವಿಷಯ ಎಂಬಂತೆ ಹೇಳಿದಳು. ಮೊಮ್ಮಗಳು ಮುಖ ಸೊಟ್ಟ ಮಾಡಿ, "ಯಾವ ದಿನ?" ಎಂದು ಕೇಳಿದಳು. "ಸೋಮವಾರ" ಎಂಬ ಮಾತು ನನ್ನ ಬಾಯಿಂದ ಬಂದುಹೋಯಿತು. "ಯಾಕಜ್ಜಿ, ಸೋಮವಾರಾನೇ ಯಾಕೆ?" ಎಂದಳು. ಸುಸ್ತಾಗಿತ್ತು. ನಾಳೆ ಹೇಳ್ತೀನಿ ಅಂದೆ.

ಹೇಳಲು ಕೂತರೆ ಇಷ್ಟು ಮಾತ್ರ ಇದೆ. ಅಕ್ಕ ಈಗ ಇರಲಾರರು. ಆ ಸಾಲಿನ ಹಿತ್ತಲ ಗೋಡೆಗಳನ್ನು ಎತ್ತರಿಸಿದ್ದಾರಂತೆ, ಬಟ್ಟಲು ಇಡುವ ಹಾಗಿಲ್ಲ ಎಂದು ತಮ್ಮ ಹೇಳುತ್ತಾನೆ. ಆ ವ್ರತ ಇತ್ತೋ ಇಲ್ಲವೋ, ಇನ್ನು ಮೇಲೆ ತಿಳಿಯುವುದಿಲ್ಲ, ತಿಳಿಯದೆಯೂ ಮೊಮ್ಮಗಳಿಗೆ ಅವಲಕ್ಕಿ ಕಲಸಿಕೊಡಬಹುದು. ಆದರೆ ಅಕ್ಕ ಅಷ್ಟೆಲ್ಲ ಮಾಡಿದ್ದು ಯಾರಿಗಾಗಿಯೋ ಆ ಭಾವ ಆಮೇಲೆ ಎಷ್ಟು ದಿನ ಬದುಕಿದ್ದರು ಎಂಬುದು ನನಗೆ ಗೊತ್ತಿಲ್ಲ.